ಹಳೆಯ ಗಣಕಯಂತ್ರ, ಹೊಸ ವ್ಯವಸ್ಥೆ: ನಿದಾನ ಮತ್ತು ಚಿಕಿತ್ಸೆ

ದಾಖಲಾತಿ ವಹಿ, ಅಂಕಪಟ್ಟಿ, ವರ್ಗಾವಣೆ ಪತ್ರದ ನಕಲು, ದಾನಿಗಳಿಗೆ ಕೊಟ್ಟ ರಸೀತಿಗಳ ಲೆಕ್ಕ ಇವೆಲ್ಲವೂ ಒಂದು ಕಾಲದಲ್ಲಿ ಶಾಲೆಯ ಕಛೇರಿಯ ಮರದ ಬೀರುವಿನಲ್ಲಿರುತ್ತಿದ್ದವು. ಇಂದು ಅವುಗಳಲ್ಲಿ ಬಹುಪಾಲು ಗಣಕಯಂತ್ರದ ಉದರವನ್ನು ಸೇರಿವೆ. ಬೀರುವಿನ ಬೀಗ ಕೆಟ್ಟರೆ ಬಡಗಿಯನ್ನು ಕರೆಸಬಹುದಾಗಿತ್ತು; ಒಳಗಿನ ಕಾಗದಗಳಿಗೆ ಊನವೇನೂ ಆಗುತ್ತಿರಲಿಲ್ಲ. ಗಣಕಯಂತ್ರದ ವಿಷಯ ಹಾಗಲ್ಲ. ಅದರ ವ್ಯವಸ್ಥೆಯನ್ನು ಹೊಸದಾಗಿಸಲು ಹೊರಟು ಮಧ್ಯದಲ್ಲಿ ಎಡವಿದರೆ ಬೀಗದೊಡನೆ ಬೀರುವೂ, ಬೀರುವಿನೊಡನೆ ಕಾಗದವೂ ಹೋಗುವ ಭಯವುಂಟು. ಆದುದರಿಂದ ಈ ವಿಷಯವು ಯಂತ್ರತಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಉಪಾಧ್ಯಾಯರು ದೂರ ಉಳಿಯುವುದು ಉಚಿತವಲ್ಲ. ಹಳೆಯ ಯಂತ್ರಕ್ಕೆ ಹೊಸ ವ್ಯವಸ್ಥೆಯನ್ನು ಅಳವಡಿಸುವಾಗ ತೋರುವ ದೋಷಗಳಾವುವು, ಅವುಗಳ ಕಾರಣವೇನು, ಪರಿಹಾರವೇನು ಎಂಬುದನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪದಾರ್ಥವಿಚಾರ. ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ ಭಾಗ ಯಂತ್ರಾಂಶ. ಅದನ್ನು ನಡೆಸುವ ಆಜ್ಞೆಗಳ ಸಮೂಹ ತಂತ್ರಾಂಶ. ತಂತ್ರಾಂಶಗಳಲ್ಲೆಲ್ಲ ಮೂಲವಾಗಿ ನಿಂತು, ಕೀಲಿಮಣೆ, ತೆರೆ, ಮುದ್ರಣಯಂತ್ರ, ಕಡತಗಳು ಇವೆಲ್ಲಕ್ಕೂ ಪರಸ್ಪರ ಸಂಬಂಧವನ್ನು ಕಲ್ಪಿಸುವುದು ಕಾರ್ಯಾಚರಣ ವ್ಯವಸ್ಥೆ. ವಾಕ್ಯದಲ್ಲಿ ವಿಭಕ್ತಿಪ್ರತ್ಯಯಗಳು ಮಾಡುವ ಕೆಲಸವನ್ನು ಇಲ್ಲಿ ಇದು ಮಾಡುತ್ತದೆ. ಪದಗಳೆಲ್ಲ ಇದ್ದರೂ ಪ್ರತ್ಯಯವಿಲ್ಲದಿದ್ದರೆ ಅನ್ವಯವಿಲ್ಲ. ನಮ್ಮ ಶಾಲೆಗಳ ಹೆಚ್ಚಿನ ಯಂತ್ರಗಳಲ್ಲಿರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಆದಕಾರಣ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ ಉದ್ಭವಿಸಿದ ಬಗೆ

ವಿಂಡೋಸ್ 10 ಎಂಬ ವ್ಯವಸ್ಥೆ 2015ರ ಜುಲೈ 29ರಂದು ಹೊರಬಂದಿತು. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಹತ್ತನೆಯದರ ಸಾಮಾನ್ಯ ಆವೃತ್ತಿಗಳಿಗೆ ಕಂಪನಿಯು ಕೊಡುತ್ತಿದ್ದ ಉಚಿತ ಪೋಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಇದೇ ರೀತಿ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದೂ, ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ಪೋಷಣೆ ಮುಗಿದಿತ್ತು.

ಪೋಷಣೆ ಮುಗಿಯಿತೆಂದರೆ ಯಂತ್ರ ನಿಂತುಹೋಯಿತೆಂದು ಅರ್ಥವಲ್ಲ. ಅದು ಮೊದಲಿನಂತೆಯೇ ನಡೆಯುತ್ತದೆ. ಆದರೆ ವ್ಯವಸ್ಥೆಯಲ್ಲಿ ಕಾಲಕಾಲಕ್ಕೆ ಬೆಳಕಿಗೆ ಬರುವ ಭದ್ರತೆಯ ಬಿರುಕುಗಳನ್ನು ಮುಚ್ಚುವ ತೇಪೆಗಳು ಬರುವುದಿಲ್ಲ. ಮನೆಯ ಗೋಡೆ ನಿಂತಿರುತ್ತದೆ, ಕನ್ನ ಬಿದ್ದ ಕಡೆ ಮುಚ್ಚುವವರು ಇರುವುದಿಲ್ಲ. ಅಂತರಜಾಲಕ್ಕೆ ಸೇರಿದ ಯಂತ್ರಕ್ಕೆ ಇದು ದಿನದಿಂದ ದಿನಕ್ಕೆ ಹೆಚ್ಚುವ ಅಪಾಯ. ಮಕ್ಕಳ ಜನ್ಮದಿನಾಂಕ, ತಂದೆತಾಯಿಯರ ವಿಳಾಸ, ಬ್ಯಾಂಕ್ ವಿವರ ತುಂಬಿದ ಕಛೇರಿಯ ಯಂತ್ರದ ಮಟ್ಟಿಗಂತೂ ಇದು ಉಪೇಕ್ಷಿಸುವ ವಿಷಯವಲ್ಲ.

ಹಾಗಾದರೆ ಎಲ್ಲ ಯಂತ್ರಗಳಿಗೂ ಹನ್ನೊಂದನೆಯದನ್ನು ಹಾಕಿಬಿಡಬಹುದಲ್ಲ ಎಂದರೆ, ಅಲ್ಲಿಯೇ ತೊಡಕು. ಕಂಪನಿಯು ಹನ್ನೊಂದನೆಯದಕ್ಕೆ ಕೆಲವು ಅರ್ಹತೆಗಳನ್ನು ವಿಧಿಸಿದೆ. ಎರಡು ಅಥವಾ ಹೆಚ್ಚು ಕೋರ್‌ಗಳುಳ್ಳ 64 ಬಿಟ್ ಸಂಸ್ಕಾರಕ, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಯು.ಇ.ಎಫ್.ಐ. ಎಂಬ ಆಧುನಿಕ ಪ್ರಾರಂಭಪದ್ಧತಿ, ಸೆಕ್ಯೂರ್ ಬೂಟ್ ಎಂಬ ರಕ್ಷಣೆ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾಘಟಕ ಇರಬೇಕು. ಇದರ ಮೇಲೆ ಸಂಸ್ಕಾರಕದ ಹೆಸರು ಕಂಪನಿಯ ಅಂಗೀಕೃತ ಪಟ್ಟಿಯಲ್ಲಿಯೂ ಇರಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ ಕೆಲವು ಅಪವಾದಗಳನ್ನು ಬಿಟ್ಟರೆ 2017ರಲ್ಲಿ ಬಂದ ಎಂಟನೆಯ ಪೀಳಿಗೆಯಿಂದ ಈಚಿನವು ಮಾತ್ರ ಆ ಪಟ್ಟಿಯಲ್ಲಿವೆ. ಅದಕ್ಕೆ ಹಿಂದಿನ ಯಂತ್ರವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಪಂಕ್ತಿಯಿಂದ ಹೊರಗೆ.

ಮೊದಲು ಪರೀಕ್ಷೆ

ವೈದ್ಯನು ನಾಡಿ ನೋಡದೆ ಮದ್ದು ಕೊಡುವುದಿಲ್ಲ. ಯಂತ್ರದ ನಾಡಿಯನ್ನು ನೋಡುವುದಕ್ಕೂ ಸಾಧನಗಳುಂಟು. ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶವು ಯಂತ್ರಕ್ಕೆ ಅರ್ಹತೆ ಇದೆಯೆ, ಇಲ್ಲದಿದ್ದರೆ ಯಾವ ಅಂಶದಲ್ಲಿ ಕೊರತೆ ಎಂಬುದನ್ನು ಹೇಳುತ್ತದೆ. ವಿಂಡೋಸ್‌ನ ಹುಡುಕು ಪೆಟ್ಟಿಗೆಯಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಬರೆದು ತೆರೆದರೆ ಬಯಾಸ್ ಮೋಡ್ ಎಂಬ ಸಾಲಿನಲ್ಲಿ ಲೆಗಸಿ ಅಥವಾ ಯು.ಇ.ಎಫ್.ಐ. ಎಂಬ ಉತ್ತರ ದೊರೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಪರೀಕ್ಷೆಯಲ್ಲಿ ಟಿ.ಪಿ.ಎಂ. ಇಲ್ಲ ಎಂಬ ಉತ್ತರ ಬಂದ ಮಾತ್ರಕ್ಕೆ ಅದು ನಿಜವಾಗಿ ಇಲ್ಲವೆಂದು ತಿಳಿಯಬಾರದು. ಅನೇಕ ಯಂತ್ರಗಳಲ್ಲಿ ಅದು ಸಂಸ್ಕಾರಕದೊಳಗೇ ಅಡಕವಾಗಿದ್ದು ಸುಪ್ತಾವಸ್ಥೆಯಲ್ಲಿರುತ್ತದೆ. ಯಂತ್ರವನ್ನು ಚಾಲೂ ಮಾಡಿದೊಡನೆ ತಯಾರಕರು ಸೂಚಿಸಿದ ಕೀಲಿಯನ್ನೊತ್ತಿ ಪ್ರಾರಂಭದ ಹೊಂದಾಣಿಕೆಗಳನ್ನು ತೆರೆದರೆ, ಇಂಟೆಲ್ ಯಂತ್ರಗಳಲ್ಲಿ ಪಿ.ಟಿ.ಟಿ. ಎಂದೂ, ಎ.ಎಂ.ಡಿ. ಯಂತ್ರಗಳಲ್ಲಿ ಎಫ್.ಟಿ.ಪಿ.ಎಂ. ಎಂದೂ ಹೆಸರು ಬೇರೆಯಾಗಿ ಕಾಣುತ್ತದೆ. ಅರ್ಥ ಒಂದೇ. ಅದನ್ನು ಎಚ್ಚರಿಸಿದರೆ ಅನರ್ಹವೆನಿಸಿದ ಯಂತ್ರವೇ ಅರ್ಹವೆನಿಸುವುದುಂಟು. ಪರ್ಯಾಯಪದದ ಅಜ್ಞಾನದಿಂದ ಒಳ್ಳೆಯ ಯಂತ್ರವನ್ನು ಮೂಲೆಗೆ ಸೇರಿಸಬಾರದು.

ಆಮೇಲೆ ಪ್ರತಿ

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ವ್ಯವಸ್ಥೆಯನ್ನು ಮುಟ್ಟುವ ಮುನ್ನ ಕಡತಗಳೆಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಮಾಡಿ, ಮತ್ತೊಂದು ಪ್ರತಿಯನ್ನು ಬೇರೆ ಸ್ಥಳದಲ್ಲಿ ಇಡಬೇಕು. ಪ್ರತಿ ಮಾಡಿದರೆ ಸಾಲದು. ಅದರಲ್ಲಿನ ಕೆಲವು ಕಡತಗಳನ್ನು ಮತ್ತೊಂದು ಯಂತ್ರದಲ್ಲಿ ತೆರೆದು ಓದಿ ನೋಡಬೇಕು. ಓಲೆಗರಿಯ ಕಾಲದಿಂದಲೂ ಲಿಪಿಕಾರನ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡುವ ಪದ್ಧತಿ ಇದ್ದದ್ದು ವ್ಯರ್ಥವಾಗಿ ಅಲ್ಲ.

ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಯಂತ್ರದಲ್ಲಿ ಚಾಲ್ತಿಯಲ್ಲಿದ್ದರೆ ಅದರ 48 ಅಂಕೆಗಳ ಪುನಃಪ್ರಾಪ್ತಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಪ್ರಾರಂಭದ ಹೊಂದಾಣಿಕೆಗಳನ್ನು ಬದಲಿಸುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಇದನ್ನು ಮರೆತರೆ ಯಂತ್ರವು ತನ್ನ ಒಡೆಯನನ್ನೇ ಗುರುತಿಸದೆ ಆ ಸಂಖ್ಯೆಯನ್ನು ಕೇಳಿ ಕೂರುತ್ತದೆ. ಸಂಖ್ಯೆ ಇಲ್ಲದಿದ್ದರೆ ಒಳಗಿನ ಕಡತಗಳು ದೊರೆಯುವ ಮಾರ್ಗವಿಲ್ಲ.

ದೋಷಗಳು ಮತ್ತು ಪರಿಹಾರಗಳು

ದೋಷ ಕಂಡಾಗ ಸುಲಭವಾದ ಕಾರಣದಿಂದ ಕಠಿಣವಾದ ಕಾರಣದ ಕಡೆಗೆ ಹೋಗುವುದು ಕ್ರಮ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ ಪರಿಣಾಮವನ್ನು ನೋಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯದು.

ಮೊದಲನೆಯದು ಗಡಿಯಾರ. ಯಂತ್ರದೊಳಗೆ ನಾಣ್ಯದಾಕಾರದ ಚಿಕ್ಕ ವಿದ್ಯುತ್ಕೋಶವೊಂದಿರುತ್ತದೆ. ಸಾಮಾನ್ಯವಾಗಿ ಅದು ಸಿ.ಆರ್. 2032 ಎಂಬ ಬಗೆಯದು. ವಿದ್ಯುತ್ತಿಲ್ಲದಾಗಲೂ ದಿನಾಂಕ, ವೇಳೆಗಳನ್ನು ಕಾಯುವುದು ಇದರ ಕೆಲಸ. ವರ್ಷಗಳು ಕಳೆದು ಇದು ಸತ್ತುಹೋದರೆ ಯಂತ್ರವು ಪ್ರತಿ ಬಾರಿಯೂ ಹಿಂದಿನ ಯಾವುದೋ ವರ್ಷದಲ್ಲಿ ಕಣ್ಣು ತೆರೆಯುತ್ತದೆ. ಆಗ ಅಂತರಜಾಲದ ತಾಣಗಳ ಭದ್ರತಾಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ಭ್ರಮಿಸಿ ಸಂಪರ್ಕವನ್ನೇ ನಿರಾಕರಿಸುತ್ತದೆ. ಹೊಸ ವ್ಯವಸ್ಥೆಯನ್ನು ಇಳಿಸಿಕೊಳ್ಳಲಾರದು. ಕೆಲವು ಯಂತ್ರಗಳಲ್ಲಿ ಪ್ರಾರಂಭದ ಹೊಂದಾಣಿಕೆಗಳೂ ಅಳಿಸಿಹೋಗುತ್ತವೆ. ಅಲ್ಪ ಬೆಲೆಯ ಕೋಶವೊಂದನ್ನು ಬದಲಿಸಿ ವೇಳೆಯನ್ನು ಸರಿಪಡಿಸಿದರೆ ಸಾಕು. ಗ್ರಾಮಾಂತರ ಶಾಲೆಗಳಲ್ಲಿ ಬೇಸಗೆ ರಜೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರಗಳಲ್ಲಿ ಈ ಕಾರಣವನ್ನು ಮೊದಲು ಶಂಕಿಸುವುದು ಲೇಸು.

ಎರಡನೆಯದು ಸ್ಥಳಾಭಾವ. ಹೊಸ ವ್ಯವಸ್ಥೆಯು ಹಳೆಯದನ್ನು ಒಡನೆಯೇ ಅಳಿಸದೆ ಪಕ್ಕಕ್ಕಿಟ್ಟು ತಾನು ನೆಲೆಸುವುದರಿಂದ ಕೆಲಕಾಲ ಎರಡಕ್ಕೂ ಜಾಗ ಬೇಕು. ಇಲ್ಲದಿದ್ದರೆ 0ಎಕ್ಸ್80070070 ಎಂಬ ದೋಷಸಂಖ್ಯೆ ತೋರುತ್ತದೆ. ಕಸದ ಬುಟ್ಟಿ, ತಾತ್ಕಾಲಿಕ ಕಡತ, ಬೇಡವಾದ ಚಲಚ್ಚಿತ್ರಗಳನ್ನು ತೆಗೆದು ಮೂವತ್ತು ಜಿಬಿಯಷ್ಟಾದರೂ ಜಾಗವನ್ನು ತೆರವುಮಾಡುವುದು ಕ್ಷೇಮ.

ಮೂರನೆಯದು ಚಾಲಕಗಳ ವಿರೋಧ. ಮುದ್ರಣಯಂತ್ರ, ಸ್ಕ್ಯಾನರ್ ಮೊದಲಾದವನ್ನು ವ್ಯವಸ್ಥೆಗೆ ಪರಿಚಯಿಸುವ ಚಿಕ್ಕ ತಂತ್ರಾಂಶಕ್ಕೆ ಡ್ರೈವರ್, ಅಂದರೆ ಚಾಲಕ, ಎಂದು ಹೆಸರು. ಅರ್ಧ ದಾರಿ ಬಂದು ಯಂತ್ರವು ಹಿಂತಿರುಗಿ 0ಎಕ್ಸ್‌ಸಿ1900101 ಎಂದು ಆರಂಭವಾಗುವ ಸಂಖ್ಯೆಯನ್ನು ತೋರಿಸಿದರೆ ಬಹುಮಟ್ಟಿಗೆ ಕಾರಣ ಇದೇ. ಕೀಲಿಮಣೆ, ಮೌಸ್, ತೆರೆ ಇವನ್ನುಳಿದು ಹೊರಗಿನ ಉಪಕರಣಗಳನ್ನೆಲ್ಲ ಕಳಚಿ, ಹೊರಗಿನವರ ವೈರಸ್‌ನಿರೋಧಕ ತಂತ್ರಾಂಶವನ್ನು ತಾತ್ಕಾಲಿಕವಾಗಿ ತೆಗೆದು, ತಯಾರಕರ ತಾಣದಿಂದ ಹೊಸ ಚಾಲಕಗಳನ್ನು ಹಾಕಿ ಮತ್ತೆ ಪ್ರಯತ್ನಿಸಬೇಕು. ಸಂಖ್ಯೆ 0ಎಕ್ಸ್‌ಸಿ1900208 ಆಗಿದ್ದರೆ ಹೊಸ ವ್ಯವಸ್ಥೆಗೆ ಹೊಂದದ ತಂತ್ರಾಂಶವೊಂದು ಒಳಗಿದೆ ಎಂದರ್ಥ. ಅದನ್ನು ಗುರುತಿಸಿ ತೆಗೆಯಬೇಕು. ಸಂಖ್ಯೆಯೂ ಸ್ಪಷ್ಟವಾಗದಾಗ ಮೈಕ್ರೋಸಾಫ್ಟ್‌ನದೇ ಆದ ಸೆಟಪ್‌ಡಯಾಗ್ ಎಂಬ ಸಾಧನವು ದಿನಚರಿಯ ಕಡತಗಳನ್ನು ಓದಿ ಕಾರಣವನ್ನು ಹುಡುಕಿಕೊಡುತ್ತದೆ.

ನಾಲ್ಕನೆಯದು ಪ್ರಾರಂಭಪದ್ಧತಿಯ ವ್ಯತ್ಯಾಸ. ಹಳೆಯ ಯಂತ್ರಗಳಲ್ಲಿ ಡಿಸ್ಕಿನ ವಿಭಾಗಪಟ್ಟಿಯು ಎಂ.ಬಿ.ಆರ್. ಎಂಬ ರೀತಿಯಲ್ಲಿಯೂ, ಯು.ಇ.ಎಫ್.ಐ. ಪದ್ಧತಿಯಲ್ಲಿ ಜಿ.ಪಿ.ಟಿ. ಎಂಬ ರೀತಿಯಲ್ಲಿಯೂ ಇರುತ್ತದೆ. ವಿಭಾಗಪಟ್ಟಿಯನ್ನು ಮೊದಲು ಪರಿವರ್ತಿಸದೆ ಪ್ರಾರಂಭಪದ್ಧತಿಯನ್ನು ಮಾತ್ರ ಬದಲಿಸಿಬಿಟ್ಟರೆ ಯಂತ್ರವು ವ್ಯವಸ್ಥೆಯೇ ಇಲ್ಲವೆಂದು ಸಾರುತ್ತದೆ. ನೋಡಿದವರು ಸರ್ವನಾಶವಾಯಿತೆಂದು ಎದೆ ಒಡೆದುಕೊಳ್ಳುವುದುಂಟು. ಇದರಲ್ಲಿ ನಾಶವೇನೂ ಇಲ್ಲ. ಹೊಂದಾಣಿಕೆಯನ್ನು ಮತ್ತೆ ಲೆಗಸಿಗೆ ತಿರುಗಿಸಿದರೆ ಯಂತ್ರ ಎಂದಿನಂತೆ ಏಳುತ್ತದೆ. ಅನಂತರ 2017ರಿಂದ ವಿಂಡೋಸ್ 10ರಲ್ಲಿಯೇ ಸೇರಿರುವ ಎಂ.ಬಿ.ಆರ್. 2 ಜಿ.ಪಿ.ಟಿ. ಎಂಬ ಸಾಧನದಿಂದ ಪಟ್ಟಿಯನ್ನು ಪರಿವರ್ತಿಸಿ ಬಳಿಕ ಪದ್ಧತಿಯನ್ನು ಬದಲಿಸಬೇಕು. ಪೂರ್ವಾಪರ ತಪ್ಪಿದರೆ ಸಂಧಿಯೂ ತಪ್ಪುತ್ತದೆ.

ಐದನೆಯದು 32 ಬಿಟ್ ವ್ಯವಸ್ಥೆ. ಹನ್ನೊಂದನೆಯದರಲ್ಲಿ 32 ಬಿಟ್ ರೂಪವೇ ಇಲ್ಲ. ಹಳೆಯದು 32 ಬಿಟ್ ಆಗಿದ್ದರೆ ಅದರ ಮೇಲೆಯೇ ಹೊಸದನ್ನು ಕೂರಿಸಲಾಗದು; ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಬೇಕು. ಪ್ರತಿಯ ಮಹತ್ತ್ವ ಇಲ್ಲಿ ಇಮ್ಮಡಿಯಾಗುತ್ತದೆ.

ಸ್ಥಾಪನೆ ನಡೆಯುವಾಗ ಶೇಕಡಾಂಕವು ಬಹಳ ಹೊತ್ತು ಒಂದೇ ಕಡೆ ನಿಂತಂತೆ ಕಾಣುವುದು ಹಳೆಯ ಯಂತ್ರಗಳ ಸ್ವಭಾವ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಬೇಕು. ಆತುರಗಾರನಿಗೆ ಬುದ್ಧಿ ಮಟ್ಟ. ಮಧ್ಯದಲ್ಲಿ ವಿದ್ಯುತ್ ಕಡಿದರೆ ಅನರ್ಥ, ಯು.ಪಿ.ಎಸ್. ಇಲ್ಲದೆ ಈ ಕಾರ್ಯಕ್ಕೆ ಕೈಹಾಕಬಾರದು. ಹೊಸದು ಬಂದ ಮೇಲೆ ಒಗ್ಗದಿದ್ದರೆ ಹತ್ತು ದಿನಗಳೊಳಗೆ ಹಳೆಯದಕ್ಕೆ ಹಿಂತಿರುಗುವ ಅವಕಾಶವನ್ನು ವ್ಯವಸ್ಥೆಯೇ ಕೊಡುತ್ತದೆ. ಹಳೆಯದನ್ನು ಇಟ್ಟಿರುವ ವಿಂಡೋಸ್.ಓಲ್ಡ್ ಎಂಬ ಕಡತಕೋಶವನ್ನು ಆ ಹತ್ತು ದಿನ ಅಳಿಸಬಾರದು.

ಕನ್ನಡದ ಕಡತಗಳ ಗತಿ

ಇದುವರೆಗಿನದು ಎಲ್ಲ ಭಾಷೆಯವರಿಗೂ ಸಮಾನ. ಮುಂದಿನದು ನಮಗೆ ವಿಶೇಷ. ಯಂತ್ರ ಎದ್ದಿತು, ಕಡತಗಳೂ ಉಳಿದವು. ತೆರೆದು ನೋಡಿದರೆ ಕನ್ನಡವಿದ್ದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು! ಕಾರಣವನ್ನು ತಿಳಿದರೆ ಭಯವಿಲ್ಲ.

ಕನ್ನಡಕ್ಕೆ ಯೂನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳು ದೊರೆತಿದ್ದರೂ ಅದು ಕಛೇರಿಗಳ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಬರಹ, ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಕೆಲಸ ನಡೆಸಿಕೊಟ್ಟವು. ಆ ಉಪಕಾರ ಸಣ್ಣದಲ್ಲ. ಆದರೆ ಅಂತಹ ಕಡತದಲ್ಲಿ ಕನ್ನಡವು ವೇಷ ಮಾತ್ರ. ಆ ಫಾಂಟ್ ಎಂಬ ವೇಷ ಕಳಚಿದರೆ ಒಳಗಿನ ರೋಮನ್ ಅಕ್ಷರ ಹೊರಬೀಳುತ್ತದೆ. ಎಲ್ಲವನ್ನೂ ಅಳಿಸಿ ಹೊಸ ವ್ಯವಸ್ಥೆಯನ್ನು ಹಾಕಿದಾಗ ಆಗುವುದು ಇದೇ. ಆದುದರಿಂದ ಪ್ರತಿ ಮಾಡುವಾಗ ಕಡತಗಳೊಡನೆ ವಿಂಡೋಸ್‌ನ ಫಾಂಟ್ಸ್ ಕೋಶದಲ್ಲಿರುವ ಕನ್ನಡ ಫಾಂಟುಗಳನ್ನೂ ಪ್ರತಿ ಮಾಡಿಡತಕ್ಕದ್ದು. ಅವನ್ನು ಹೊಸ ವ್ಯವಸ್ಥೆಯಲ್ಲಿ ಸ್ಥಾಪಿಸಿದೊಡನೆ ಕನ್ನಡವು ಮತ್ತೆ ಕಾಣುತ್ತದೆ.

ಯೂನಿಕೋಡಿನಲ್ಲಿಯೇ ಬರೆದ ಕಡತಗಳಿಗೆ ಈ ಅಪಾಯವಿಲ್ಲ. ಅಕ್ಷರದ ಮೋಡಿ ಮಾತ್ರ ಬದಲಾಗಬಹುದು. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಳಕೆಯಲ್ಲಿದ್ದ ತುಂಗಾ ಫಾಂಟು ವಿಂಡೋಸ್ 10ರಿಂದೀಚೆಗೆ ತಾನಾಗಿ ಬರುವುದಿಲ್ಲ. ಐಚ್ಛಿಕ ಸೌಲಭ್ಯಗಳ ಪಟ್ಟಿಯಿಂದ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಸೇರಿಸಿಕೊಂಡರೆ ಅದು ಮರಳಿ ದೊರೆಯುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಶಾಶ್ವತ ಪರಿಹಾರ. ಪರಿವರ್ತಕಗಳು ನುಡಿ, ಬರಹಗಳೊಡನೆಯೇ ಇವೆ. ಆದರೆ ಪರಿವರ್ತಿತ ಪಾಠವನ್ನು ಕನ್ನಡ ಬಲ್ಲವರು ಓದಿ ತಿದ್ದಲೇಬೇಕು. ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅರ್ಕಾವೊತ್ತಿನಲ್ಲಿ. ಧರ್ಮ ಎಂಬ ಪದದಲ್ಲಿ ಉಚ್ಚಾರಣೆಯ ಕ್ರಮ ರಕಾರ, ಬಳಿಕ ಮಕಾರ. ಯೂನಿಕೋಡು ಈ ಉಚ್ಚಾರಕ್ರಮವನ್ನೇ ಅನುಸರಿಸಿ ರಕಾರವನ್ನು ಮೊದಲು ದಾಖಲಿಸುತ್ತದೆ. ಹಳೆಯ ಫಾಂಟುಗಳು ಬರೆವಣಿಗೆಯ ಕ್ರಮವನ್ನು ಅನುಸರಿಸಿ ಮಕಾರವನ್ನು ಮೊದಲಿಟ್ಟು ಅರ್ಕಾವೊತ್ತನ್ನು ಆಮೇಲೆ ದಾಖಲಿಸುತ್ತವೆ. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ ಕಾರ್ಯ, ವರ್ಗ, ಮಾರ್ಗ ಮುಂತಾದ ಪದಗಳೆಲ್ಲ ವಿರೂಪಗೊಳ್ಳುತ್ತವೆ. ಕಡತದ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ವಿಚಿತ್ರವಾದ ಕನ್ನಡವಾಗಿಬಿಡುತ್ತವೆ. ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಅದರ ಫಲವನ್ನು ಅವನು ಮುಂದೆ ಪ್ರಮಾಣಪತ್ರದಲ್ಲಿ, ಉದ್ಯೋಗದ ಅರ್ಜಿಯಲ್ಲಿ ಅನುಭವಿಸಬೇಕಾಗುತ್ತದೆ. ಆದುದರಿಂದ ದಾಖಲಾತಿಯ ಕಡತಗಳನ್ನು ಕಾಗದದ ಮೂಲವಹಿಯೊಡನೆ ಹೋಲಿಸಿಯೇ ಅಂಗೀಕರಿಸಬೇಕು. ಈ ಕೆಲಸ ಯಂತ್ರತಜ್ಞನದಲ್ಲ, ಕನ್ನಡ ಅಧ್ಯಾಪಕನದು.

ಅರ್ಹತೆಯಿಲ್ಲದ ಯಂತ್ರಕ್ಕೆ ಗತಿಯೇನು?

ಎಲ್ಲ ಪ್ರಯತ್ನ ಮಾಡಿದರೂ ಕೆಲವು ಯಂತ್ರಗಳು ಹನ್ನೊಂದನೆಯದಕ್ಕೆ ಅರ್ಹವಾಗುವುದಿಲ್ಲ. ಪರೀಕ್ಷೆಯನ್ನು ತಪ್ಪಿಸಿ ಒಳಹೊಗಿಸುವ ಉಪಾಯಗಳು ಪ್ರಚಾರದಲ್ಲಿವೆ. ಹಾಗೆ ಹೊಕ್ಕ ಯಂತ್ರಕ್ಕೆ ಮುಂದಿನ ತೇಪೆಗಳನ್ನು ಪಡೆಯುವ ಹಕ್ಕಿಲ್ಲವೆಂದು ಕಂಪನಿಯು ಸ್ಪಷ್ಟವಾಗಿ ಹೇಳಿದೆ. ತೇಪೆಗಾಗಿಯೇ ಹೊರಟವನಿಗೆ ಅದರಿಂದೇನು ಲಾಭ? ತೀರ ಹಳೆಯ ಸಂಸ್ಕಾರಕಗಳಲ್ಲಿ 2024ರ ಆವೃತ್ತಿಯು ಏಳುವುದೇ ಇಲ್ಲ. ಕಛೇರಿಯ ಯಂತ್ರಕ್ಕೆ ಈ ದಾರಿ ಸಲ್ಲದು.

ಸಲ್ಲುವ ದಾರಿಗಳು ಮೂರು. ಮೊದಲನೆಯದು ವಿಸ್ತೃತ ಭದ್ರತಾಪೋಷಣೆ. ಹತ್ತನೆಯದನ್ನೇ ಇಟ್ಟುಕೊಂಡು ತೇಪೆಗಳನ್ನು ಮಾತ್ರ ಪಡೆಯುವ ಈ ಯೋಜನೆಯನ್ನು ಸಂಸ್ಥೆಗಳಿಗೆ ಹೆಚ್ಚೆಂದರೆ ಮೂರು ವರ್ಷಗಳವರೆಗೆ ಎಂದು ಕಂಪನಿಯು ಪ್ರಕಟಿಸಿತು. ಶೈಕ್ಷಣಿಕ ಪರವಾನಗಿಯುಳ್ಳ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ ಮೊದಲ ವರ್ಷ 1, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರುಗಳ ಶುಲ್ಕವನ್ನು ಗೊತ್ತುಮಾಡಿತು. ಇದು ರೋಗಪರಿಹಾರವಲ್ಲ, ಕಾಲಾವಕಾಶ ಮಾತ್ರ.

ಎರಡನೆಯದು ಲಿನಕ್ಸ್. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಆರಂಭಿಸಿದ ಈ ಮುಕ್ತ ವ್ಯವಸ್ಥೆಗೆ ಇಂದು ಅನೇಕ ರೂಪಗಳಿವೆ. ಲಿನಕ್ಸ್ ಮಿಂಟ್ ಎಂಬುದು ವಿಂಡೋಸ್ ಬಲ್ಲವರಿಗೆ ಬೇಗ ಒಗ್ಗುವಂಥದು. ಅದಕ್ಕೆ 64 ಬಿಟ್ ಸಂಸ್ಕಾರಕ, 2 ಜಿಬಿ ಸ್ಮೃತಿ, 20 ಜಿಬಿ ಸ್ಥಳ ಇದ್ದರೆ ಸಾಕು. ಸುಖವಾಗಿ ನಡೆಯಲು 4 ಜಿಬಿ ಸ್ಮೃತಿ ಬೇಕು. ಟಿ.ಪಿ.ಎಂ.ನ ನಿರ್ಬಂಧವಿಲ್ಲ, ಶುಲ್ಕವೂ ಇಲ್ಲ. ಪೆನ್‌ಡ್ರೈವಿನಿಂದಲೇ ನಡೆಸಿ, ಒಳಗಿನ ಡಿಸ್ಕನ್ನು ಮುಟ್ಟದೆ ಪರೀಕ್ಷಿಸಬಹುದೆಂಬುದು ಇದರ ದೊಡ್ಡ ಅನುಕೂಲ. ಮುದ್ರಣಯಂತ್ರ, ಧ್ವನಿ, ಅಂತರಜಾಲ ಸರಿಯಾಗಿ ನಡೆದರೆ ಮಾತ್ರ ಸ್ಥಾಪಿಸಿದರಾಯಿತು. ನುಡಿ ತಂತ್ರಾಂಶದಿಂದ ಪರಿಚಿತವಾದ ಕೀಲಿಮಣೆ ವಿನ್ಯಾಸ ಇದರಲ್ಲಿಯೂ ದೊರೆಯುತ್ತದೆ. ಆದರೆ ವಿಂಡೋಸ್‌ಗೆಂದೇ ರಚಿತವಾದ ಲೆಕ್ಕಪತ್ರದ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್ ಇವು ಇಲ್ಲಿ ನಡೆಯದಿರಬಹುದು. ಆದಕಾರಣ ಮಕ್ಕಳ ಪ್ರಯೋಗಶಾಲೆಗೆ ಲಿನಕ್ಸ್, ಕಛೇರಿಯ ಒಂದೆರಡು ಯಂತ್ರಗಳಿಗೆ ವಿಂಡೋಸ್ ಎಂಬ ವಿಭಾಗ ಯುಕ್ತವಾದದ್ದು.

ಮೂರನೆಯದು ಅಂತರಜಾಲದಿಂದ ಬೇರ್ಪಡಿಸುವುದು. ಟೈಪಿಂಗ್ ಅಭ್ಯಾಸ, ಪ್ರಶ್ನಪತ್ರಿಕೆಯ ರಚನೆ, ಪಾಠದ ಚಿತ್ರಪ್ರದರ್ಶನ ಇಂತಹ ಕೆಲಸಗಳಿಗೆ ಅಂತರಜಾಲ ಬೇಕಿಲ್ಲ. ಪೆನ್‌ಡ್ರೈವುಗಳ ಮೂಲಕ ಸೋಂಕು ಬಾರದಂತೆ ನೋಡಿಕೊಂಡರೆ ಅಂತಹ ಯಂತ್ರವು ಇನ್ನೂ ಹಲವು ವರ್ಷ ಸೇವೆ ಸಲ್ಲಿಸಬಲ್ಲದು.

ವ್ಯಾಕರಣದಲ್ಲಿ ಸಂಧಿಕಾರ್ಯವು ಲೋಪ, ಆಗಮ, ಆದೇಶ ಎಂದು ಮೂರು ವಿಧ. ಹಳೆಯ ಯಂತ್ರದ ಜೀರ್ಣೋದ್ಧಾರವೂ ಹಾಗೆಯೇ. ಬೇಡವಾದ ತಂತ್ರಾಂಶ ಮತ್ತು ಧೂಳನ್ನು ತೆಗೆಯುವುದು ಲೋಪ. ಸ್ಮೃತಿಯನ್ನು ಸೇರಿಸುವುದು ಆಗಮ. ತಿರುಗುವ ಹಾರ್ಡ್ ಡಿಸ್ಕಿನ ಸ್ಥಾನದಲ್ಲಿ ಎಸ್.ಎಸ್.ಡಿ. ಇಡುವುದು ಆದೇಶ. ಈ ಮೂರರಲ್ಲಿ ಆದೇಶದ ಫಲ ಎದ್ದು ಕಾಣುತ್ತದೆ. ಚಾಲೂ ಮಾಡಿ ನಿಮಿಷಗಟ್ಟಲೆ ಕಾಯಿಸುತ್ತಿದ್ದ ಯಂತ್ರವು ಚುರುಕಾಗಿ ಏಳುತ್ತದೆ.

ಕೊನೆಯದಾಗಿ ದಾನಿಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಶಾಲೆಗೆ ಗಣಕಯಂತ್ರವನ್ನು ಕೊಡುವುದು ಪುಣ್ಯಕಾರ್ಯವೇ ಸರಿ. ಆದರೆ ಹಸುವನ್ನು ದಾನ ಕೊಟ್ಟವರು ಮೇವಿನ ವಿಚಾರವನ್ನೂ ಮಾಡುವಂತೆ, ಯಂತ್ರದೊಡನೆ ಅದರ ಮುಂದಿನ ಪಾಲನೆಗೂ ಸ್ವಲ್ಪ ಹಣವನ್ನು ಮೀಸಲಿಟ್ಟರೆ ಆ ದಾನ ದೀರ್ಘಾಯುಷಿಯಾಗುತ್ತದೆ. ಬಳಸಿದ ಯಂತ್ರವನ್ನು ಕೊಡುವವರು ಅದರ ಸಂಸ್ಕಾರಕದ ಪೀಳಿಗೆಯನ್ನು ಮೊದಲೇ ತಿಳಿಸಿದರೆ ಯಾವ ಕೆಲಸಕ್ಕೆ ಇಡಬೇಕೆಂಬುದನ್ನು ಶಾಲೆಯವರು ನಿರ್ಧರಿಸಬಹುದು. ನಗರಗಳಲ್ಲಿ ತಾಂತ್ರಿಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಎರಡು ದಿನ ಬಂದು ಈ ಲೇಖನದಲ್ಲಿ ಹೇಳಿದ ಪರೀಕ್ಷೆಗಳನ್ನು ನಡೆಸಿಕೊಟ್ಟರೆ ಅದು ಹಣಕ್ಕಿಂತ ಮಿಗಿಲಾದ ಕಾಣಿಕೆ. ಏನು ಮಾಡಿದರೂ ಉಪಯೋಗಕ್ಕೆ ಬಾರದ ಯಂತ್ರವನ್ನು ಗುಜರಿಗೆ ಹಾಕದೆ, ಡಿಸ್ಕಿನಲ್ಲಿರುವ ಮಕ್ಕಳ ವಿವರಗಳನ್ನು ಪೂರ್ಣವಾಗಿ ಅಳಿಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ಒಪ್ಪಿಸಬೇಕು.

ಯಂತ್ರಗಳು ಬರುತ್ತವೆ, ಹೋಗುತ್ತವೆ. ಶಾಲೆಯ ದಾಖಲೆಗಳು ಉಳಿಯಬೇಕು. ಮೂವತ್ತು ವರ್ಷಗಳ ಅನಂತರ ಹಳೆಯ ವಿದ್ಯಾರ್ಥಿಯೊಬ್ಬನು ಬಂದು ತನ್ನ ದಾಖಲೆಯನ್ನು ಕೇಳಿದಾಗ ಅವನ ಹೆಸರು ಅವನ ತಂದೆತಾಯಿಗಳು ಇಟ್ಟಂತೆಯೇ, ಒಂದು ಒತ್ತಕ್ಷರವೂ ಲೋಪವಾಗದೆ ದೊರೆಯುವಂತಿರಬೇಕು. ಇಲ್ಲಿ ವಿವರಿಸಿದ ಪರೀಕ್ಷೆ, ಪ್ರತಿ, ಪರಿವರ್ತನೆಗಳ ಪರಮಪ್ರಯೋಜನ ಇದೇ ಆಗಿದೆ.